ರಂಗೂನಿನ ನವಿಲು

ಶರಾಫರು ತೀರಿಕೊಂಡದ್ದು ನನಗೆ ಗೊತ್ತಾದದ್ದು ಮೂರು ದಿನ ತಡವಾಗಿ. ಒಂದು ಹೊಲದ ತಂಟೆಯಲ್ಲಿ ಸಾಕ್ಷಿ ಹೇಳಲು ಕುಷ್ಟಗಿಗೆ ಹೋಗಿದ್ದೆ. ಬಂದವನೇ ಅವರ ಮನೆಗೆ ಹೋದೆ. ಅವರ ಹೆಂಡತಿ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಅಳಲಿಲ್ಲ.

“ಕಡೀ ದಿನಾನೂ ಬದನಿಕಾಯಿ ತಂದಿದ್ರು ನೋಡ್ರಿ,” ಎಂದರು. “ಎರಡು ಸೇರು. ಎಲ್ಲಾ ಹುಳುಕ.”

ನಾನು ತಲೆಯಾಡಿಸಿದೆ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಈ ನಾಲ್ಕು ಊರುಗಳ ಸುತ್ತ ಒಂದು ಖೊಟ್ಟಿ ನಾಣ್ಯ ಅವರ ಬೆರಳಿಗೆ ಸಿಕ್ಕು ತಪ್ಪಿಸಿಕೊಂಡು ಹೋದದ್ದಿಲ್ಲ. ಹುಳುಕು ಬದನೆಕಾಯಿಯೂ ಅವರ ಚೀಲವನ್ನು ತಪ್ಪಿಸಿಕೊಂಡು ಹೋದದ್ದಿಲ್ಲ. ಅಂಗಳದಲ್ಲಿ ಕೂತಿದ್ದ ನಾಲ್ಕೈದು ಜನ ವ್ಯಾಪಾರಸ್ಥರು ನನ್ನನ್ನು ಹತ್ತಿರ ಕರೆದು ಒಂದೇ ಪ್ರಶ್ನೆ ಕೇಳಿದರು. ಅಷ್ಟು ಹೆಸರಿದ್ದ ಮನುಷ್ಯ, ಕೈ ಇನ್ನೂ ಗಟ್ಟಿಯಿದ್ದಾಗಲೇ, ಯುದ್ಧದ ನಡುವೆ ಒಂದು ದಿನ ಇದ್ದಕ್ಕಿದ್ದಂತೆ ಕಸುಬು ಬಿಟ್ಟದ್ದು ಯಾಕೆ? ಪಕ್ಕದಲ್ಲೇ ಕೂರುತ್ತಿದ್ದವನಾದ್ದರಿಂದ ನನಗೆ ಗೊತ್ತಿರಲೇಬೇಕು ಎಂದು ಅವರ ಲೆಕ್ಕ. ನನಗೆ ಗೊತ್ತಿತ್ತು. ಗೊತ್ತಿಲ್ಲ ಎಂದೆ.

ಈಗ ಬರೆಯುತ್ತಿದ್ದೇನೆ. ಇದರಲ್ಲಿ ಒಬ್ಬ ಹೆಣ್ಣುಮಗಳ ಸಂಗತಿ ಬರುತ್ತದೆ; ಅವಳ ಹೆಸರನ್ನು ಬದಲಿಸಿದ್ದೇನೆ. ಶರಾಫರ ಹೆಸರು ಬರೆಯುವುದಿಲ್ಲ, ಅವರಿದ್ದಾಗಲೂ ಅದನ್ನು ಯಾರೂ ಬಳಸುತ್ತಿರಲಿಲ್ಲ. ಆ ಹೆಣ್ಣುಮಗಳ ಊರಲ್ಲಿ ಓದು ಬರುವವರು ಇಬ್ಬರೋ ಮೂವರೋ ಇದ್ದಾರೆ. ಅವರೆಲ್ಲ ನನ್ನಿಂದ ಅರ್ಜಿ ಬರೆಸಿಕೊಂಡವರು. ನಾನು ಬರೆದದ್ದನ್ನು ನಂಬುವವರಲ್ಲ.

ನಾನು ಅರ್ಜಿ ಬರೆಯುವವನು. ಕೊಪ್ಪಳದ ಕಚೇರಿಯ ಎದುರಿಗಿದ್ದ ಕಲ್ಲಿನ ಕಟ್ಟೆಯಲ್ಲಿ ಅರ್ಧ ನನ್ನದು, ಅರ್ಧ ಶರಾಫರದು. ನನ್ನ ಅರ್ಧಕ್ಕೆ ಬಂದವರು ಉರ್ದುವಿನಲ್ಲಿ ಅಳುತ್ತಿದ್ದರು, ಅಂದರೆ ಅವರು ಕನ್ನಡದಲ್ಲಿ ಅತ್ತದ್ದನ್ನು ನಾನು ಉರ್ದುವಿನಲ್ಲಿ ಬರೆಯುತ್ತಿದ್ದೆ. ಒಂದು ಹೊಲ ಕಳಕೊಂಡವನಿಗೆ ನಾಲ್ಕು ಸಣ್ಣ ಮಕ್ಕಳನ್ನೂ ಒಬ್ಬ ಕುರುಡು ತಾಯಿಯನ್ನೂ ನಾನೇ ಸೇರಿಸಿ ಕೊಡುತ್ತಿದ್ದೆ. ಇದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳುತ್ತಿರಲಿಲ್ಲ. ಪಕ್ಕದಲ್ಲಿ ಕೂತ ಶರಾಫರು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು, ಏನೂ ಅನ್ನುತ್ತಿರಲಿಲ್ಲ. ಒಮ್ಮೆ ಮಾತ್ರ, ಗಿರಾಕಿ ಹೋದ ಮೇಲೆ, “ಅಂವಗ ಇನ್ನೂ ಲಗ್ನ ಆಗಿಲ್ಲ. ಮಕ್ಕಳು ಜಲ್ದಿ ಆದ್ವು,” ಎಂದಿದ್ದರು.

ಶರಾಫ ಎಂದರೆ ನಾಣ್ಯ ಪರೀಕ್ಷೆ ಮಾಡುವವ. ಈಗಿನ ಹುಡುಗರಿಗೆ ಇದರ ಅಗತ್ಯವೇ ತಿಳಿಯಲಿಕ್ಕಿಲ್ಲ. ಆಗ ನಮ್ಮದು ನಿಜಾಮರ ರಾಜ್ಯ. ನಮ್ಮ ರೂಪಾಯಿ ಹಾಲಿ. ಹೊಳೆ ದಾಟಿ ಹೊಸಪೇಟೆಗೆ ಹೋದರೆ ಇಂಗ್ಲಿಷರ ಕಲ್ದಾರ. ಇಲ್ಲಿಯದು ಅಲ್ಲಿ ನಡೆಯದು, ಅಲ್ಲಿಯದನ್ನು ಇಲ್ಲಿ ಬದಲಿಸಿಕೊಳ್ಳಲು ವಟ್ಟ ಕೊಡಬೇಕು. ಜೊತೆಗೆ ಅಜ್ಜಿಯರ ಗಡಿಗೆಯಿಂದ ಹೊರಬೀಳುವ ಹಳೆಯ ದುಡ್ಡುಗಳು, ಹೆಣ್ಣುಮಕ್ಕಳ ಕೊರಳಿನ ಬಂಗಾರದ ಪುತಳಿಗಳು, ಯಾರೋ ಯಾವುದೋ ಬಂದರಿನಿಂದ ತಂದ ತೂತಿನ ಬಿಲ್ಲೆಗಳು. ಇವೆಲ್ಲ ಏನು, ಎಲ್ಲಿಯವು, ಎಷ್ಟಕ್ಕೆ ಬಾಳುತ್ತವೆ ಎಂದು ಹೇಳಲು ಒಬ್ಬ ಮನುಷ್ಯ ಬೇಕಿತ್ತು. ಆ ಮನುಷ್ಯ ಮೇ ತಿಂಗಳ ಬಿಸಿಲಲ್ಲೂ ಉಣ್ಣೆಯ ಮಫ್ಲರು ಸುತ್ತಿಕೊಂಡು ನನ್ನ ಎಡಗಡೆ ಕೂರುತ್ತಿದ್ದರು. ಕಿವಿಗೆ ಗಾಳಿ ಹೋಗಬಾರದಂತೆ. ಕಿವಿ ಅವರ ಬಂಡವಾಳ.

ಅವರ ಕ್ರಮ ಹೀಗಿತ್ತು. ನಾಣ್ಯ ಕೈಗೆ ಬಂದರೆ ನೋಡುತ್ತಿರಲಿಲ್ಲ. ಮಫ್ಲರನ್ನು ಒಂದು ಕಿವಿಯ ಮೇಲಿಂದ ಸರಿಸಿ, ಕಣ್ಣು ಮುಚ್ಚಿ, ಎದುರಿನ ಕರಿಯ ಕಲ್ಲಿನ ಮೇಲೆ ನಾಣ್ಯವನ್ನು ಒಂದು ಗೇಣು ಎತ್ತರದಿಂದ ಬಿಡುತ್ತಿದ್ದರು. ಅದು ಹಾಡಿ ಮುಗಿಸುವ ತನಕ ಕಾಯುತ್ತಿದ್ದರು. ಆಮೇಲೆ ಹೆಬ್ಬೆರಳಿನಿಂದ ಅಂಚನ್ನು ಒಂದು ಸುತ್ತು ಸವರುವುದು. ಅದಾದ ಮೇಲೆ ಕಣ್ಣು. “ಕಣ್ಣಿಗೆ ಮದಲ ಕೊಟ್ರ ಅದು ತನಗ ಬೇಕಾದ್ದು ನೋಡ್ತದ,” ಎನ್ನುತ್ತಿದ್ದರು. ಹದಿನೈದು ವರ್ಷ ಪಕ್ಕದಲ್ಲಿ ಕೂತು ಈ ಸರತಿ ತಪ್ಪಿದ್ದನ್ನು ನಾನು ನೋಡಿದ್ದು ಒಂದೇ ಸಲ.

ಖೊಟ್ಟಿ ಎಂಬ ಶಬ್ದವನ್ನು ಅವರು ಬಳಸುತ್ತಿರಲಿಲ್ಲ. ತಂದವರು ಬಡವರಾಗಿರಲಿ, ದೊಡ್ಡವರಾಗಿರಲಿ, ನಾಣ್ಯವನ್ನು ಅಂಗೈಯಲ್ಲಿಟ್ಟು ತಿರುಗಿ ಕೊಟ್ಟು, “ಇದು ನಮ್ಮ ಕಡೆ ನಡಿಯಂಗಿಲ್ರಿ,” ಎನ್ನುತ್ತಿದ್ದರು. ಎರಡು ರಾಜ್ಯಗಳ ಅಂಚಿನಲ್ಲಿ ಬದುಕುವ ಜನಕ್ಕೆ ಇದರಲ್ಲಿ ಅವಮಾನವೇನೂ ಕಾಣುತ್ತಿರಲಿಲ್ಲ. ನಮ್ಮ ಕಡೆ ನಡೆಯದಿದ್ದರೆ ಮತ್ತೊಂದು ಕಡೆ ನಡೆದೀತು ಎಂದು ಮರ್ಯಾದೆಯಿಂದ ಎದ್ದು ಹೋಗುತ್ತಿದ್ದರು. ಒಮ್ಮೆ ಕಚೇರಿಯ ದೊಡ್ಡ ಸಾಹೇಬರೊಬ್ಬರು ಮಾವನ ಮನೆಯಿಂದ ಬಂದ ಬಂಗಾರದ ಮೊಹರನ್ನು ಹತ್ತು ಜನರ ಎದುರು ತಂದು ಕಲ್ಲಿನ ಮೇಲೆ ತಾವೇ ಬಾರಿಸಿದರು. ಶರಾಫರು ಕಣ್ಣು ತೆರೆದು ಎಂದಿನ ಮಾತು ಹೇಳಿದರು. ಸಾಹೇಬರು, “ಬಂಗಾರ ಎಲ್ಲಾ ಕಡೆ ನಡೀತದಲ್ಲ?” ಎಂದರು. “ಹೌದ್ರಿ, ಬಂಗಾರ ನಡೀತದ,” ಎಂದರು ಶರಾಫರು. ಸಾಹೇಬರು ಆ ವರ್ಷ ಹೆಂಡತಿಯನ್ನು ತವರಿಗೆ ಕಳಿಸಲಿಲ್ಲವೆಂದು ಜವಾನ ಹೇಳಿದ.

ಕಿನ್ನಾಳದ ಒಬ್ಬ ಚಿತ್ರಗಾರ, ಗೊಂಬೆ ಮಾಡುವವ, ಅವರನ್ನು ಸೋಲಿಸಬೇಕೆಂದು ಹಟ ತೊಟ್ಟಿದ್ದ. ಹಗುರ ಕಟ್ಟಿಗೆಯಲ್ಲಿ ಒಂದು ಹಾಲಿ ರೂಪಾಯಿ ಕಡೆದು, ಚಾರ್‌ಮಿನಾರಿನ ಕಿಟಕಿಗಳನ್ನೂ ಬಿಡದೆ ಬರೆದು, ತವರದ ಮೆರುಗು ಕೊಟ್ಟು, ಒಂಬತ್ತು ಖರೇ ರೂಪಾಯಿಗಳ ನಡುವೆ ಸೇರಿಸಿ ತಂದ. ನನ್ನ ಕಣ್ಣಿಗೆ ಹತ್ತೂ ಒಂದೇ. ಶರಾಫರು ಕಲ್ಲಿನ ಮೇಲೆ ಒಂದೊಂದಾಗಿ ಬಿಟ್ಟರು. ಏಳನೆಯದು ‘ಟಪ್’ ಎಂದಿತು. ಅವರು ನಕ್ಕದ್ದನ್ನು ನಾನು ನೋಡಿದ್ದು ಅವತ್ತು. ಅದನ್ನು ಕೊಂಡುಕೊಂಡು ಮಗಳ ಮಗುವಿಗೆ ಆಡಲು ಕೊಟ್ಟರು. “ಇದು ಯಾರಿಗೂ ಮೋಸ ಮಾಡಂಗಿಲ್ಲ. ಎತ್ತಿದ ಕೂಡ್ಲೆ ನಾ ಆಟಗಿ ಅಂತ ತಾನ ಹೇಳ್ತದ,” ಎಂದರು.

ಇಂಥ ಮನುಷ್ಯನಿಗೆ ಲೋಹ ಬಿಟ್ಟರೆ ಬೇರೆ ಯಾವುದರ ಬೆಲೆಯೂ ತಿಳಿಯುತ್ತಿರಲಿಲ್ಲ. ಬದನೆಕಾಯಿಯ ಮಾತು ಹೇಳಿದೆ. ಎತ್ತು ಕೊಂಡರೆ ಕುಂಟು, ಛತ್ರಿ ಕೊಂಡರೆ ಸೋರುವುದು. ಮನುಷ್ಯರ ವಿಷಯದಲ್ಲಿ ನನ್ನನ್ನು ಗೆಳೆಯನೆಂದು ಹದಿನೈದು ವರ್ಷ ಇಟ್ಟುಕೊಂಡಿದ್ದರು ಎಂದರೆ ಉಳಿದದ್ದನ್ನು ನೀವೇ ತಿಳಿಯಬಹುದು. ಅವರ ಹತ್ತಿರ ಇದ್ದದ್ದು ಒಂದೇ, ಅವರ ಮಾತು. ಆಡಿದ ಬೆಲೆಯನ್ನು ತಿರುಗಿ ತೆಗೆದುಕೊಂಡವರಲ್ಲ. ಗದಗಿನ ಪೇಟೆಯವರೂ ಆ ಮಾತಿನ ಮೇಲೆ ಥೈಲಿ ಬಿಚ್ಚುತ್ತಿದ್ದರು.

ಯುದ್ಧ ಶುರುವಾಗಿ ಮೂರು ನಾಲ್ಕು ವರ್ಷಕ್ಕೆ ಚಿಲ್ಲರೆಯ ಬರ ಬಂತು. ಕಾಸು ಬಿಲ್ಲಿ ಎಲ್ಲ ಎಲ್ಲಿ ಹೋದವೋ, ಅಂಗಡಿಯವರು ಚಿಲ್ಲರೆಯ ಬದಲು ಸಹಿ ಮಾಡಿದ ಚೀಟಿ ಕೊಡತೊಡಗಿದರು. ಒಬ್ಬ ಕಿರಾಣಿಯವ ಎರಡು ಪೈಸೆಗೆ ಒಂದು ಅಡಿಕೆ ಕೊಡುತ್ತಿದ್ದ. ಶರಾಫರಿಗೆ ಇದರಿಂದ ಭಾಳ ನೋವಾಯಿತು. ಅಡಿಕೆಯನ್ನು ಕಲ್ಲಿನ ಮೇಲೆ ಬಾರಿಸುವ ಕಾಲ ಬಂತಲ್ಲ ಎಂದು ದಿನಾ ಅನ್ನುತ್ತಿದ್ದರು.

ಹುಲಿಗೆವ್ವ ಬಂದದ್ದು ಆಗ. ಯಲಬುರ್ಗಾದ ಆಚೆ ಒಂದು ಹಳ್ಳಿಯವಳು. ಇಪ್ಪತ್ತೆರಡು ಇಪ್ಪತ್ತಮೂರರ ವಯಸ್ಸು, ಮಕ್ಕಳಿಲ್ಲ. ಜೊತೆಗೆ ಭಾವ, ಅಂದರೆ ಗಂಡನ ಅಣ್ಣ, ಬಂದಿದ್ದ. ಗಂಡ ಮನೆ ಬಿಟ್ಟು ಮೂರು ವರ್ಷವಾಗಿತ್ತು. ಕೂಲಿ ಹುಡುಕಿ ಹೋದವನದು ಕಾಗದವಿಲ್ಲ, ಸುದ್ದಿಯಿಲ್ಲ. ಹದಿನೈದು ದಿನದ ಕೆಳಗೆ ಒಬ್ಬ ಬಂಡಿಯವ ಬಂದು, “ನಿನ್ನ ಗಂಡ ಕೊಟ್ಟಾನಂತವ್ವಾ, ಒಬ್ಬರ ಕೈಯಿಂದ ಒಬ್ಬರಿಗೆ ಬಂದೈತಿ,” ಎಂದು ಬಟ್ಟೆಯಲ್ಲಿ ಕಟ್ಟಿದ ಒಂದು ನಾಣ್ಯ ಕೊಟ್ಟು ಹೋಗಿದ್ದ. ಎಲ್ಲಿಂದ ಹೊರಟಿತು ಎಂದು ಅವನಿಗೂ ಗೊತ್ತಿರಲಿಲ್ಲ.

“ರೊಕ್ಕಾ ಎಷ್ಟ ಬರ್ತದ ಅಂತ ಕೇಳಾಕ ಬಂದಿಲ್ರಿ,” ಎಂದಳು ಹುಲಿಗೆವ್ವ. “ಇದು ಯಾವ ರಾಜ್ಯದಾಗ ನಡೀತದ ಹೇಳ್ರಿ. ಅಂವ ಅಲ್ಲಿ ಅದಾನ.”

ಶರಾಫರನ್ನು ಈ ಪ್ರಶ್ನೆ ಯಾರೂ ಕೇಳಿರಲಿಲ್ಲ. ಅವರು ಕೈ ಚಾಚಿದರು, ತಕ್ಷಣ ಹಿಂದಕ್ಕೆ ಎಳೆದುಕೊಂಡರು. ನಾಣ್ಯಕ್ಕೆ ತೂತು ಕೊರೆದು ಅವಳು ಅದನ್ನು ತಾಳಿಯ ಅರಿಷಿಣ ದಾರಕ್ಕೆ ಪೋಣಿಸಿಕೊಂಡಿದ್ದಳು. ಗಂಡ ಕಳಿಸಿದ್ದು, ಇನ್ನೆಲ್ಲಿ ಇಡುತ್ತಾಳೆ? ಮುತ್ತೈದೆಗೆ ದಾರ ಬಿಚ್ಚು ಎಂದು ಯಾವ ಬಾಯಿಂದ ಹೇಳುವುದು? ನಾಣ್ಯ ಬಿಚ್ಚದೆ ಕಲ್ಲಿನ ಮೇಲೆ ಬಾರಿಸುವುದು ಹೇಗೆ? ಅವರು ಮಫ್ಲರನ್ನು ಕಿವಿಯ ಮೇಲಿಂದ ಸರಿಸಿ, ಮತ್ತೆ ಮುಚ್ಚಿಕೊಂಡರು. ಅವಳು ಸೆರಗಿನ ಮರೆಯಿಂದ ನಾಣ್ಯವನ್ನು ದಾರದುದ್ದಕ್ಕೆ ಮುಂದೆ ಹಿಡಿದಳು. ಅವರು ಒಂದು ಮೊಳ ದೂರದಿಂದ ಭೂತಗನ್ನಡಿ ಹಿಡಿದು ನೋಡಿದರು.

ತಾಮ್ರದ್ದು. ಒಂದು ಬದಿಗೆ ಗರಿ ಬಿಚ್ಚಿದ ನವಿಲು, ಒಳ್ಳೆಯ ಅಚ್ಚು, ಒಂದೊಂದು ಗರಿಯೂ ಎಣಿಸುವ ಹಾಗೆ. ಇನ್ನೊಂದು ಬದಿ ಉಜ್ಜಿ ಸವೆದು ಬೋಳಾಗಿತ್ತು. ಶರಾಫರು ಬಹಳ ಹೊತ್ತು ನೋಡಿದರು. ಹಿಂದೊಮ್ಮೆ ಸಮುದ್ರದಾಚೆ ವ್ಯಾಪಾರ ಮಾಡಿ ಬಂದ ಒಬ್ಬ ಸಾಹುಕಾರ ಅವರಿಗೆ ಬರ್ಮಾದ ಹಳೆಯ ರಾಜರ ನಾಣ್ಯ ತೋರಿಸಿದ್ದ. ಅದರ ಮೇಲೂ ನವಿಲಿತ್ತಂತೆ.

“ಬರ್ಮಾದ್ದು,” ಎಂದರು. “ರಂಗೂನ್ ಕಡೇದು.”

ಹುಲಿಗೆವ್ವ ನಾಣ್ಯವನ್ನು ಮೆಲ್ಲಗೆ ಒಳಗೆ ಹಾಕಿಕೊಂಡಳು. “ರಂಗೂನ್ ರಂಗೂನ್ ಅಂತಿದ್ದ,” ಎಂದಳು. ಭಾವ ತಲೆ ಎತ್ತಿ ಆಕಾಶ ನೋಡಿದ. ರಂಗೂನಿನ ಮೇಲೆ ಬಾಂಬು ಬಿದ್ದದ್ದು, ಅಲ್ಲಿದ್ದ ನಮ್ಮ ಜನ ಕಾಡಿನೊಳಗೆ ನಡೆದು ಬರುತ್ತ ದಾರಿಯಲ್ಲಿ ಸತ್ತದ್ದು, ಇವೆಲ್ಲ ಅಷ್ಟೊತ್ತಿಗೆ ನಮ್ಮ ಸಂತೆಗಳಿಗೂ ಬಂದು ಮುಟ್ಟಿದ್ದವು. ಗಂಡ ಸತ್ತ ಎಂದು ಶರಾಫರು ಅನ್ನಲಿಲ್ಲ. ಅವರು ಹೇಳಿದ್ದು ಊರಿನ ಹೆಸರು ಮಾತ್ರ. ಉಳಿದದ್ದನ್ನು ಹಳ್ಳಿ ಹೇಳಿಕೊಂಡಿತು. ಸಾಯುವಾಗ ಜೊತೆಯವನ ಕೈಗೆ ಕೊಟ್ಟು ಹೆಂಡತಿಗೆ ಮುಟ್ಟಿಸು ಅಂದಿರಬೇಕು, ಇಲ್ಲದಿದ್ದರೆ ತಾನೇ ಬರುತ್ತಿರಲಿಲ್ಲವೇ? ತಿಂಗಳೊಳಗೆ ಅವಳ ಬಳೆ ಒಡೆದು, ದಾರ ಬಿಚ್ಚಿದರು ಎಂದು ಸುದ್ದಿ ಬಂತು. ಶರಾಫರು ಆ ದಿನ ಬುತ್ತಿ ಬಿಚ್ಚಲಿಲ್ಲ.

ಐದಾರು ತಿಂಗಳ ಮೇಲೆ ಮತ್ತೊಂದು ಸುದ್ದಿ ಬಂತು, ಇದು ಒಳ್ಳೆಯದು. ಅವಳ ತವರಿನವರು ಅವಳಿಗೆ ಉಡಿಕಿ ಗೊತ್ತು ಮಾಡಿದ್ದರು. ಉಡಿಕಿ ಎಂದರೆ ಗಂಡ ಸತ್ತವಳ ಮರುಮದುವೆ. ಅವರ ಜನದಲ್ಲಿ ಅದಕ್ಕೆ ಅಡ್ಡಿಯಿಲ್ಲ. ವರ ಕುಷ್ಟಗಿಯವ, ಕಂಬಳಿ ನೇಯುತ್ತಾನೆ, ಹೆಂಡತಿ ತೀರಿಕೊಂಡವ. ಶರಾಫರು ಕೇಳಿ ಸಮಾಧಾನಪಟ್ಟರು. ಅವತ್ತು ಸಂಜೆ ಬದನೆಕಾಯಿ ತೆಗೆದುಕೊಂಡು ಹೋದರು.

ಅದೇ ವಾರ ನಾನು ಒಂದು ಕಾಗದದ ನಕಲು ತರಲು ಗಂಗಾವತಿಗೆ ಹೋದೆ. ಬಸ್ಸು ನಿಲ್ಲುವಲ್ಲಿ ಒಂದು ಚಹಾದಂಗಡಿ. ಚಹಾ ಕುಡಿದು ದುಡ್ಡು ಕೊಟ್ಟೆ. ಮಾಲಿಕ ಚಿಲ್ಲರೆಯೆಂದು ಒಂದು ತಾಮ್ರದ ಬಿಲ್ಲೆ ನನ್ನ ಕೈಗಿಟ್ಟ. ನವಿಲು. ಒಂದೊಂದು ಗರಿಯೂ ಎಣಿಸುವ ಹಾಗೆ. ತಿರುಗಿಸಿ ನೋಡಿದೆ, ಹಿಂದೆ ಬೋಳು.

“ಇದೇನ್ರಿ?”

“ಒಂದು ಕಪ್ ಚಹಾದ್ದು. ಇನ್ನೊಮ್ಮೆ ಬಂದಾಗ ಕೊಡ್ರಿ, ಚಹಾ ಕುಡೀರಿ. ಚಿಲ್ರಿ ಎಲ್ಲೈತಿ?” ಎಂದ. ಅವು ಮದುವೆ ಕುದುರೆಯ ಹಣೆಪಟ್ಟಿಗೆ ಹೊಲಿಯುವ ಬಿಲ್ಲೆಗಳಂತೆ. ಹಳೆ ಸಾಮಾನಿನವನ ಹತ್ತಿರ ಒಂದು ಚೀಲ ಸಿಕ್ಕವಂತೆ. ಹಿಂದಿನ ಕೊಂಡಿ ಮುರಿದು, ಉಜ್ಜಿ ಬೋಳು ಮಾಡಿದರೆ ಆಯಿತು, ನಾಣ್ಯ. ತನ್ನ ಜಾಣತನದ ಬಗ್ಗೆ ಅವನಿಗೆ ಸಂತೋಷವಿತ್ತು.

ಇದನ್ನು ಹೊಳೆಗೆ ಎಸೆದು ಸುಮ್ಮನಿದ್ದುಬಿಡಬೇಕು ಎಂದು ದಾರಿಯುದ್ದಕ್ಕೂ ಅಂದುಕೊಂಡೆ. ಮರುದಿನ ಬೆಳಿಗ್ಗೆ ಶರಾಫರ ಕರಿಯ ಕಲ್ಲಿನ ಪಕ್ಕ ಇಟ್ಟೆ. ಹದಿನೈದು ವರ್ಷ ಸುಳ್ಳು ಬರೆದವನಿಗೂ ಕೆಲವರ ಎದುರು ಅದು ಆಗುವುದಿಲ್ಲ.

ಅವರು ಅದನ್ನು ನೋಡಿದರು. ನನ್ನನ್ನು ನೋಡಲಿಲ್ಲ. ಮಫ್ಲರು ಸರಿಸಿ, ಕಣ್ಣು ಮುಚ್ಚಿ, ಗೇಣು ಎತ್ತರದಿಂದ ಬಿಟ್ಟರು. ‘ತಟ್’ ಎಂದಿತು. ತೆಳು ತಗಡಿನ ಸದ್ದು, ನನಗೂ ತಿಳಿಯುವಂಥದು. ಮತ್ತೊಮ್ಮೆ ಬಿಟ್ಟರು. ಹತ್ತು ಸಲವಾದರೂ ಬಿಟ್ಟಿರಬೇಕು. ನನಗೆ ಸಿಟ್ಟು ಬಂತು. ಒಂದು ತಗಡನ್ನು ಎಷ್ಟು ಸಲ ಕೇಳುತ್ತಾರೆ ಎಂದು.

“ಎಲ್ಲಿ?” ಎಂದರು ಕಡೆಗೆ. ಹೇಳಿದೆ. “ನಡೀರಿ,” ಎಂದರು.

ಯುದ್ಧದ ಕಾಲದ ಬಸ್ಸು, ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿತ್ತು. ಗಿಣಿಗೇರಾ ದಾಟುವಷ್ಟರಲ್ಲಿ ಎರಡು ಸಲ ನಿಂತಿತು.  ಗಂಗಾವತಿಯ ಆ ಅಂಗಡಿಯಲ್ಲಿ ಕಪ್ಪು ತೊಳೆಯುತ್ತಿದ್ದವನನ್ನು ನಾನು ಊರು ಕೇಳಿದೆ. ಯಲಬುರ್ಗಾ ಕಡೆ ಎಂದ. ಹುಲಿಗೆವ್ವನ ಹೆಸರು ಹೇಳಿದೆ, ನನ್ನ ಹೆಂಡತಿ ಎಂದ. ಅವನೇ. ಅಂಗಡಿಯ ಹಿಂದೆ ಒಬ್ಬಳು ಭಜಿ ಕರಿಯುತ್ತಿದ್ದಳು. ಅವಳ ಸೊಂಟದ ಮೇಲಿನ ಕೂಸಿಗೆ ಇವನದೇ ಮೂಗು. ಅವನಿಗೆ ಹೆದರಿಕೆಯೂ ಆಗಲಿಲ್ಲ, ನಾಚಿಕೆಯೂ ಆಗಲಿಲ್ಲ. ಬೆಂಚಿನ ಮೇಲೆ ಕೂಡಿಸಿ ಎರಡು ಕಪ್ ಚಹಾ ತಂದಿಟ್ಟ.

“ರಂಗೂನಿಗೆ ಹೋಗಬೇಕಂತ ಹೊಂಟಿದ್ದೆರಿ. ಗಂಗಾವತಿಗೆ ಬರೂದ್ರಾಗ ರೊಕ್ಕ ಮುಗೀತು,” ಎಂದ.

“ಆ ಬಿಲ್ಲಿ ಯಾಕ ಕಳಿಸಿದಿ?” ಎಂದರು ಶರಾಫರು.

“ಆಕಿ ಎಂದರ ಈ ಕಡೆ ಬಂದ್ರ ಒಂದ್ ಕಪ್ ಚಹಾ ಕುಡದು ಹೋಗ್ಲಿ ಅಂತರಿ. ಬರೇ ಕೈಲೆ ಏನ್ ಕಳಸೂದು?” ಎಂದ. ಖರೇ ಹೇಳುತ್ತೇನೆ, ಅವನು ತಮಾಷೆ ಮಾಡುತ್ತಿರಲಿಲ್ಲ. ಅವನ ಲೆಕ್ಕದಲ್ಲಿ ಅದು ಹೆಂಡತಿಯ ಮೇಲಿನ ಪ್ರೀತಿ. ಊರಿಗೆ ಬಂದು ಹಿರಿಯರ ಎದುರು ಅವಳಿಗೆ ಬಿಡುಗಡೆ ಕೊಡುತ್ತೀಯಾ ಎಂದು ಕೇಳಿದೆ. “ಬರ್ತೀನ್ರಿ, ಸುಗ್ಗಿ ಮುಗೀಲಿ,” ಎಂದ. ಹೊಲವಿಲ್ಲದವ ಯಾವ ಸುಗ್ಗಿಯ ಮಾತಾಡುತ್ತಾನೆ? ಇಂಥ ‘ಬರ್ತೀನ್ರಿ’ಗಳನ್ನು ನಾನು ಕಚೇರಿಯ ಎದುರು ಸಾವಿರ ಕೇಳಿದ್ದೇನೆ. ಇವನು ಬರುವ ಗಿರಾಕಿಯಲ್ಲ.

ಹೊರಗೆ ಬಂದು ನಾನು ಶರಾಫರಿಗೆ ಹೇಳಿದೆ: “ಸುಮ್ನ ಇದ್ದುಬಿಡ್ರಿ. ಗಂಡ ಅದಾನ ಅಂತ ಗೊತ್ತಾದ್ರ ಉಡಿಕಿ ಮುರೀತದ. ಆಕಿ ಮತ್ತ ಭಾವನ ಮನ್ಯಾಗ ಬೀಸಿಕೋಂತ ಅಂವನ ದಾರಿ ನೋಡಬೇಕು.”

“ನಾ ಬಾರಿಸಲಾರದ ಹೇಳೇನಿ,” ಎಂದರು ಅವರು. “ನನ್ನ ಮಾತಿನ ಮ್ಯಾಲ ಆಕಿ ಬಳಿ ಒಡದಾರ. ತಪ್ಪಾಗೇತಿ ಅಂತ ನಾನ ಹೋಗಿ ಹೇಳಬೇಕು. ಇಲ್ಲಾಂದ್ರ ನಾ ಯಾವ ಶರಾಫ?”

ಅವಳ ಹಳ್ಳಿಗೆ ಮುಟ್ಟಿದಾಗ ಉಡಿಕಿಗೆ ನಾಲ್ಕು ದಿನವಿತ್ತು. ಹುಲಿಗೆವ್ವ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಭಾವ ಹೊಲಕ್ಕೆ ಹೋಗಿದ್ದ. ಅವಳು ನೀರು ತಂದಿಟ್ಟು ಮತ್ತೆ ಮೊರ ಹಿಡಿದು ಕೂತಳು. ಶರಾಫರು ನೀರು ಮುಟ್ಟದೆ ನಿಂತೇ ಹೇಳಿದರು.

“ತಂಗೀ, ಅವತ್ತ ನಾ ನಾಣ್ಯ ಬಾರಿಸಿ ನೋಡಲಿಲ್ಲ.”

ಅವಳ ಕೈ ನಿಂತಿತು. “ಈಗ ನೋಡೀರೇನು?”

“ನೋಡೀನಿ. ಅದು ರಂಗೂನಿಂದಲ್ಲ. ಗಂಗಾವತೀದು.”

ಅವಳು ಮೊರದಿಂದ ಒಂದು ಹರಳು ಹೆಕ್ಕಿ ಆಚೆ ಹಾಕಿದಳು. “ಅದಾನೇನು?”

“ಅದಾನ.”

“ಒಬ್ಬನ ಅದಾನೇನು?”

 ಇಲ್ಲ ಎಂದು ನಾನು ತಲೆಯಾಡಿಸಿದೆ.

“ನನ್ನ ಏನರ ಕೇಳಿದನೇನ್ರಿ?”

“ಬಂದ್ರ ಚಹಾ ಕುಡದು ಹೋಗ್ಲಿ ಅಂದಾನ,” ಎಂದರು ಶರಾಫರು. ಆ ಮಾತನ್ನು ಬಿಡಬಹುದಿತ್ತು. ಅವರಿಗೆ ಬಿಡಲು ಬರುತ್ತಿರಲಿಲ್ಲ.

ಹುಲಿಗೆವ್ವ ಮೊರವನ್ನು ಕೆಳಗಿಟ್ಟಳು. ಅಳುತ್ತಾಳೆ ಅಂದುಕೊಂಡೆ. ಅಳಲಿಲ್ಲ. ಮೆಲ್ಲಗೆ, ಒಳಗಿನವರಿಗೆ ಕೇಳದ ಹಾಗೆ ಹೇಳಿದಳು. “ಮೂರು ವರ್ಷ ದಾರಿ ನೋಡೀನ್ರಿ. ನೀವು ರಂಗೂನ್ ಅಂದ ಮ್ಯಾಲ ನಾಕು ದಿನ ಅತ್ತೆ. ಆಮ್ಯಾಲ ನನಗ ನಿದ್ದಿ ಬಂತು. ಮೂರು ವರ್ಷದಾಗ ಹಂಗ ಮಲಗಿದ್ದಿಲ್ಲ. ಈಗ ಬರಾಂವ ಕಂಬಳಿ ನೇಯ್ತಾನ. ನೋಡಾಕ ಬಂದಾಗ, ನಿನಗೂ ಇದು ಬೇಕೇನು ಅಂತ ನನ್ನ ಕೇಳಿದ. ನನ್ನ ಯಾರೂ ಏನೂ ಕೇಳಿದ್ದಿಲ್ರಿ. ನಿಮ್ಮ ಮಾತು ವಾಪಸ್ ತಗೋಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ.”

ನಿಜವಾಗಿಯೂ ಬೀಳಲು ಬಾಗಿದಳು. ಶರಾಫರು ಹಿಂದೆ ಸರಿದರು. ಅಷ್ಟರಲ್ಲಿ ಭಾವ ಬಂದ. ಅವನ ಹಿಂದೆ ಊರಿನ ಇಬ್ಬರು ಹಿರಿಯರು. ಕೊಪ್ಪಳದ ಶರಾಫರು ಮನೆಗೆ ಬಂದಿದ್ದಾರೆ ಎಂದರೆ ಹಳ್ಳಿಗೆ ಅದೇನು ಸಣ್ಣ ಸಂಗತಿಯೇ?

“ಏನ್ ಬಂದ್ರಿ ಇಷ್ಟು ದೂರ?” ಎಂದ ಭಾವ. “ಆ ನಾಣ್ಯದ ಸಲುವಾಗಿ ಏನರ ಐತೇನ್ರಿ?” ಒಳಗೆ ಹೋಗಿ ಒಂದು ಸಣ್ಣ ಡಬ್ಬಿ ತಂದು, ಅದರಿಂದ ಬಿಲ್ಲೆಯನ್ನು ತೆಗೆದು ಶರಾಫರ ಅಂಗೈಯಲ್ಲಿಟ್ಟ. “ಅವತ್ತ ಆಕಿ ಕೊಳ್ಳಾಗ ಇತ್ತು, ನಿಮಗ ಸರೀ ನೋಡಾಕ ಬರಲಿಲ್ಲ. ಈಗ ಬಿಚ್ಚಿ ಇಟ್ಟೀವಿ. ಛಲೋತ್ನಾಗ ಬಾರಿಸಿ ನೋಡ್ರಿ. ನಮಗೂ ಮನಸ್ಸಿನಾಗ ಒಂದು ಸಂಶಯ ಐತಿ. ನಾಳೆ ಅಂವ ಬಂದು ನಿಂತ್ರ ಏನ್ ಮಾಡೂದು?”

ಅಲ್ಲೇ ಬಾಗಿಲಲ್ಲಿ ಹಾಸುಗಲ್ಲಿತ್ತು. ಬಿಟ್ಟರೆ ಸಾಕು, ‘ತಟ್’ ಎನ್ನುತ್ತಿತ್ತು. ಕುರಿ ಕಾಯುವವನಿಗೂ ತಿಳಿಯುತ್ತಿತ್ತು. ಹಿರಿಯರು ಹತ್ತಿರ ಬಂದು ನಿಂತರು. ಹುಲಿಗೆವ್ವ ತಲೆ ಎತ್ತಲಿಲ್ಲ.  ನಾನಾದರೆ ಕಣ್ಣು ಮಿಟುಕಿಸದೆ ಸುಳ್ಳು ಹೇಳಿ ಚಹಾಕ್ಕೆ ಕೂರುತ್ತಿದ್ದೆ. ಈ ಮನುಷ್ಯನಿಗೆ ಅದರ ರೂಢಿಯಿಲ್ಲ, ಮಾಡಲು ಹೋಗಿ ಕೆಡಿಸುತ್ತಾರೆ ಎಂದು ನನಗೆ ಭಯವಾಯಿತು.

ಶರಾಫರು ಬಿಲ್ಲೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡರು.

“ಬಾರಿಸೂದು ಬ್ಯಾಡ,” ಎಂದರು. “ರಂಗೂನಿಂದ ಇದು.”

“ಖರೇ?”

“ಖರೇ. ಇಂಥಾದ್ದು ಸಿಗಂಗಿಲ್ಲ, ನಾ ಕೊಳ್ಳಾಕ ಬಂದೀನಿ.” ಸೊಂಟದ ಚೀಲದಿಂದ ಐದು ಕಲ್ದಾರ ರೂಪಾಯಿ ತೆಗೆದು, ಭಾವನ ಕೈಗೆ ಕೊಡದೆ, ಹುಲಿಗೆವ್ವನ ಮೊರದ ಅಂಚಿಗೆ ಇಟ್ಟರು. “ಹೊಸ ಮನಿಗೆ ಹೋಗಾಕಿ, ಇರ್ಲಿ,” ಎಂದರು. ಭಾವ ಹಿರಿಯರ ಮುಖ ನೋಡಿದ. ರಂಗೂನಿನ ನಾಣ್ಯಕ್ಕೆ ಕೊಪ್ಪಳದ ಶರಾಫರು ಐದು ರೂಪಾಯಿ ಕೊಟ್ಟ ಮೇಲೆ ಇನ್ನು ಕೇಳುವುದೇನಿದೆ? ಉಡಿಕಿ ಗೊತ್ತು ಮಾಡಿದ್ದ ದಿನವೇ ಆಯಿತು.

ತಿರುಗಿ ಬರುವಾಗ ಯಲಬುರ್ಗಾದ ಬಾವಿಯೊಂದರ ಹತ್ತಿರ ಬಂಡಿ ನಿಲ್ಲಿಸಿ, ಆ ಬಿಲ್ಲೆಯನ್ನು ಒಳಗೆ ಹಾಕಿದರು. ನನ್ನ ಹತ್ತಿರವಿದ್ದ ಇನ್ನೊಂದನ್ನೂ ಕೇಳಿ ತೆಗೆದುಕೊಂಡು ಹಾಕಿದರು. ನಾನು ಒಂದು ಕಪ್ ಚಹಾ ಹೋಯಿತು ಎಂದೆ. ಅವರು ನಗಲಿಲ್ಲ.

ಮರುದಿನ ನಾನು ಕಟ್ಟೆಗೆ ಬಂದಾಗ ಶರಾಫರು ಕರಿಯ ಕಲ್ಲನ್ನು ತೊಳೆದು, ಒರೆಸಿ, ಗೋಣಿಯಲ್ಲಿ ಕಟ್ಟುತ್ತಿದ್ದರು. ಏನೆಂದು ಕೇಳಿದೆ. ಇವತ್ತಿನಿಂದ ಬಂದ್ ಎಂದರು.

“ಬಿಡೂದು ಯಾಕ್ರಿ? ನೀವು ಮಾಡಿದ್ದು ಛಲೋ ಕೆಲಸ.”

“ಛಲೋ ಕೆಲಸಾನ. ಅಲ್ಲ ಅಂದೆನೇನು?” ಗಂಟು ಬಿಗಿದು ನನ್ನ ಪಕ್ಕ ಕೂತರು. “ನಿನ್ನೆ ಬಿಲ್ಲಿ ಕೈಯಾಗ ಬಿದ್ದಾಗ ನಾ ಅದನ್ನ ನೋಡಲೇ ಇಲ್ಲ. ಆ ಹುಡುಗಿ ಮುಖಾ ನೋಡಿದೆ. ಬೆಲಿ ತಾನ ಬಾಯಾಗ ಬಂತು. ನಾಳೆ ಇನ್ನೊಬ್ಬಾಕಿ ಅತ್ಕೋಂತ ಬರ್ತಾಳ, ನಾ ಮತ್ತ ಮುಖಾನ ನೋಡ್ತೀನಿ. ನಾಡದು ಮತ್ತೊಬ್ಬಾಂವ. ಮುಖಾ ನೋಡಿ ಬೆಲಿ ಹೇಳಾಂವ ಶರಾಫ ಅಲ್ರಿ.”

ನಾನು ಜೀವಮಾನವೆಲ್ಲ ಮುಖ ನೋಡಿಯೇ ಅರ್ಜಿ ಬರೆದವನು.  ಅವರು ಕಲ್ಲನ್ನು ಹೆಗಲಿಗೇರಿಸಿಕೊಂಡು ಮನೆಯ ಕಡೆ ನಡೆದರು. ಹತ್ತು ಗಂಟೆಯ ಸುಮಾರಿಗೆ ಒಬ್ಬ ರೈತ ಒಂದು ಹಳೆಯ ರೂಪಾಯಿ ಹಿಡಿದುಕೊಂಡು ಬಂದು, ಖಾಲಿ ಕಟ್ಟೆಯನ್ನು ನೋಡಿ ನನ್ನನ್ನು ಕೇಳಿದ. ಶರಾಫರಿಗೆ ಕಣ್ಣು ಕಾಣುವುದಿಲ್ಲ ಎಂದು ಹೇಳಿ ಕಳಿಸಿದೆ.